ಹುಲಿ ಕರಾರಿನ ಮನೆತನ

ನಾ ಎಲ್ಲಿ ಕಾಲಿಟ್ರೂ ಏನರ ಒಂದು ತಮಾಷೆ ಆಗೇ ತೀರ್ತದ. ಸುಮ್ಮ ಕಣ್ಣಿನ ದವಾಖಾನಿಗೆ ಹೋದ್ರ ಅಲ್ಲಿನೂ ಬಿಡಲಿಲ್ಲ. ನಾ ಕಮಲಾಪುರದ ಕೆಂಪು ಬಾಳಿಹಣ್ಣಿನ ವ್ಯಾಪಾರಿ. ಸಾಲಿ ಮೆಟ್ಟಿಲು ಹತ್ತಿಲ್ಲ. ಆದ್ರ ಹಣ್ಣು ಮೂಸಿ ನೋಡಿ ಅದು ಯಾರ ತ್ವಾಟದ್ದು, ಕೊಯ್ಯೋ ದಿನ ಅವನ ಹೇಣ್ತಿ ಸಿಟ್ಟಾಗಿದ್ಳೋ ಇಲ್ಲೋ, ಎಲ್ಲಾ ಹೇಳ್ತಿದ್ದೆ.

೧. ಕರಾರು

ದೀಪ ಹಚ್ಚಿದ ಮ್ಯಾಲ ನಮ್ಮ ಮನಿ ಮಂದಿ ಹೊಸ್ತಿಲು ದಾಟಂಗಿಲ್ಲ. ಯಾಕಂತ ಕೇಳಿದವರಿಗೆಲ್ಲಾ ನಾ ಹೇಳ್ತಿದ್ದೆ: ‘ನಮ್ಮ ಮುತ್ಯಾನ ಮುತ್ಯಾ ಹುಲಿ ಜೋಡಿ ಕರಾರು ಮಾಡ್ಯಾನ. ಹಗಲು ನಮ್ದು, ರಾತ್ರಿ ಹುಲಿದು.’ ಊರೇ ನಂಬಿತ್ತು. ಹೇಳಿ ಹೇಳಿ ನಾನೂ ನಂಬಿದ್ದೆ.

ಸಾಲ್ಯಾಗ ಮೂರನೇತ್ತೆ ಓದೋ ಮೊಮ್ಮಗಳು ಸಂಜಿ ಆತಂದ್ರ ಕೊಡ ಎಡವಾಕ, ಬಾಗಿಲಕ್ಕ ಹಾಯಾಕ ಶುರು ಮಾಡಿದ್ಳು. ಸೊಸಿ ಕಲಬುರಗಿಗೆ ಕರಕೊಂಡು ಹೋದ್ಳು. ಡಾಕ್ಟರು ಕಣ್ಣಾಗ ಬೆಳಕು ಬಿಟ್ಟು ನೋಡಿ, ‘ಕಣ್ಣಿನ ಒಳಗಿನ ಪರದಾ ಸೊರಗಾಕತ್ತದ. ಭಾಳ ಅಪರೂಪದ ಬ್ಯಾನಿ, ವಂಶದಾಗ ಬರ್ತದ. ನಿಮ್ಮ ಮನ್ಯಾಗ ಮತ್ತ್ಯಾರಿಗರ ಸಂಜಿಗೆ ಕಾಣಂಗಿಲ್ಲೇನು?’ ಅಂದ್ರಂತ.

‘ಇಲ್ರೀ,’ ಅಂದ್ಳಂತ ಸೊಸಿ, ‘ನಮ್ಮ ಮಾವನವರು ಸಂಜಿಗೆ ಹೊರಗ ಹೋಗಂಗಿಲ್ಲ ಖರೆ, ಆದ್ರ ಅದು ಹುಲಿ ಕರಾರು.’

ಡಾಕ್ಟರು ಪೆನ್ನು ಕೆಳಗಿಟ್ರಂತ. ‘ತಾಯಿ, ಹುಲಿ ಬಿಟ್ಟು ಉಳಿದವರನ್ನೆಲ್ಲಾ ಕರಕೊಂಡು ಬರ್ರಿ.’

೨. ಕೆಂಪು ಬಾಳಿ

ನಾ ಹೋಗಿ ಕಣ್ಣು ತೋರಿಸಿದ್ರ ನನಗೂ ಅದೇ ಬ್ಯಾನಿ! ಇಂಥವರ ಹೆಸರು ಬರಕೊಳ್ಳಾಕ ಅಲ್ಲಿ ಒಂದು ದಫ್ತರ, ಅದಕ್ಕೊಬ್ಬ ಹುಡುಗಿ. ಆಕಿ ಅಂದ್ಳು: ‘ಮುತ್ಯಾ, ಮಂದಿ ಕಡಿಮಿ, ಅಲ್ಲೊಬ್ರು ಇಲ್ಲೊಬ್ರು. ಎಲ್ಲರ ಹೆಸರು ಒಂದು ಕಡಿ ಇದ್ರ, ನಾಳಿಗೆ ಔಷಧ ಬಂದಾಗ ಯಾರನ್ನ ಕರೀಬೇಕಂತ ಗೊತ್ತಾಗ್ತದ.’

ಬಾಜೂಕ ಬ್ರಹ್ಮಪುರದ ದರ್ಜಿ ಚಾಚಾ ಕೂತಿದ್ದ. ‘ಬೇಟಿ, ನಂದೂ ಬರಕೋ’ ಅಂದ.

‘ಚಾಚಾ, ನಿಮ್ದು ಮೋತಿಬಿಂದು, ಕಣ್ಣಿನ ಪೊರಿ. ವಯಸ್ಸಾದ್ರ ಅದು ಎಲ್ಲರಿಗೂ ಬರ್ತದ.’

ಅವನ ಮಾರಿ ಸಣ್ಣದಾತು. ನಾ ಸಮಾಧಾನ ಮಾಡಿದೆ: ‘ಬ್ಯಾಸರ ಮಾಡ್ಕೋಬ್ಯಾಡ ಮಿಯಾಂ. ಯಾಲಕ್ಕಿ ಬಾಳಿ ಎಲ್ಲಾ ಊರಾಗ ಸಿಗ್ತದ, ಕೆಂಪು ಬಾಳಿ ಕಮಲಾಪುರದಾಗ ಮಾತ್ರ.’

‘ಅರೇ ಭಾಯಿ,’ ಅಂದ ಚಾಚಾ, ‘ನಾಳಿ ಆಪರೇಶನ್ ಆದ್ರ ನಾ ಸೂಜ್ಯಾಗ ದಾರ ಪೋಣಸ್ತೀನಿ. ನೀ ನಿನ್ನ ಕೆಂಪು ಬಾಳಿ ಹಿಡ್ಕೊಂಡು ಕೂಡು!’

೩. ಹದ್ದಿನ ಕಣ್ಣು

ಮೊಮ್ಮಗಳದು ಯಾವ ನಮೂನಿ ಬ್ಯಾನಿ ಅಂತ ತಿಳೀಬೇಕಂದ್ರ ನನ್ನೊಬ್ಬನ ರಕ್ತ ಸಾಲಂಗಿಲ್ಲಂತ, ಕುಸನೂರಾಗಿನ ನಮ್ಮಕ್ಕನೂ ಬೇಕಂತ. ಆಕಿ ಸಂಜಿ ಆತಂದ್ರ ಗ್ವಾಡಿ ಹಿಡಿದೇ ನಡಿಯಾಕಿ. ಕೇಳಿದ್ರ ಮೊಣಕಾಲು ನೋವು ಅಂತಿದ್ಳು.

ನಾವು ಆಕಿ ಮನಿಗೆ ಹೋದ್ವಿ, ಸೊಸಿ ಆಕಿ ಕಾಲಿಗೆ ಬಿದ್ಳು. ‘ಹುಡುಗಿ ಸಲುವಾಗರ ಬರ್ರಿ.’

‘ನಂದು ಹದ್ದಿನ ಕಣ್ಣು. ಏನೂ ಆಗಿಲ್ಲ ನನಗ!’ ಅಂದ್ಳು ಅಕ್ಕ.

ನಾ ಸೊಸಿಗೆ ಅಂದೆ: ‘ಏಳವಾ. ಇಂಥ ಅಪರೂಪದ್ದು ಎಲ್ಲರಿಗೂ ಎಲ್ಲಿ ಬರ್ತದ? ಡಾಕ್ಟರು ತಾವು ಎದ್ದು ನನಗ ಖುರ್ಚಿ ಕೊಟ್ರು. ದವಾಖಾನಿಯೆಲ್ಲಾ ನಿಂತು ನೋಡ್ತು.’

ಅಕ್ಕ ಎಲಿ ಅಡಿಕಿ ಉಗುಳಿದ್ಳು. ‘ಏ ಸುಳ್ಳಾ! ನಿನಗ ಚಡ್ಡಿ ಹಾಕೋದು ಬರೂಕಿಂತ ಮೊದಲೇ ನನಗ ಸಂಜಿಗೆ ಕಾಣ್ತಿದ್ದಿಲ್ಲ! ತರ್ರೇ ಆ ಇಳಕಲ್ ಸೀರಿ!’

೪. ಬಾಣದ ಗುರುತು

ದಫ್ತರದ ಹುಡುಗಿ ಹಾಳಿ ಮ್ಯಾಲ ಹೆಣ್ಣಿಗೆ ಗುಂಡು, ಗಂಡಿಗೆ ಚೌಕ ಬರದು ನಮ್ಮ ವಂಶ ಕೂಡಿಸಿದ್ಳು. ‘ನಾ ದೊಡ್ಡಾಕಿ, ಮೊದಲನೇದು ನಾನೇ’ ಅಂದ್ಳು ಅಕ್ಕ. ‘ಹುಲಿ ಕರಾರು ಊರಿಗೆಲ್ಲಾ ಸಾರಿದಾಂವ ನಾನು!’ ಅಂದೆ.

ಹುಡುಗಿ ಎಲ್ಲಾಕ್ಕಿಂತ ಕೆಳಗಿನ ಗುಂಡಿನ ಬಾಜೂಕ ಒಂದು ಬಾಣ ಹಾಕಿದ್ಳು. ‘ಮೊದಲು ಯಾರು ನಮ್ಮ ಕಡಿ ಬಂದಾರೋ ಅವರಿಗೆ ಈ ಗುರುತು. ಇಲ್ಲಿ ಇದು ನಿಮ್ಮ ಮೊಮ್ಮಗಳ ಮನೆತನ.’

ಇಬ್ಬರೂ ತೋಳು ಚಾಚಿ ರಕ್ತ ಕೊಟ್ಟಿವಿ.

ಸೊಸಿ ಔಷಧ ಅಂಗಡ್ಯಾಗ ನಿಂತಿದ್ಳು. ಮೊಮ್ಮಗಳನ್ನ ಕರಕೊಂಡು ನಾವು ಹೊರಗ ಬರೂದ್ರಾಗ ಹೊತ್ತು ಮುಳುಗಿತ್ತು. ನಾನೂ ಅಕ್ಕನೂ ಮೆಟ್ಟಿಲ ಮ್ಯಾಲ ಒಬ್ಬರ ರಟ್ಟಿ ಒಬ್ಬರು ಹಿಡಿದು ನಿಂತಿವಿ. ‘ನೀ ನಡಿ.’ ‘ಹದ್ದಿನ ಕಣ್ಣು ನಿಂದಲ್ಲ? ನೀ ನಡಿ!’

ಮೊಮ್ಮಗಳು ಡಾಕ್ಟರು ಹೇಳಿದ್ದಕ್ಕ ಕೊಡಿಸಿದ್ದ ಬ್ಯಾಟರಿ ಹಚ್ಚಿದ್ಳು. ‘ಆಯಿ, ಮುತ್ಯಾ, ನನ್ನ ಹಿಂದ ಬರ್ರಿ. ಇದು ನನ್ನ ಮನೆತನ.’

ಅಕ್ಕ ಒಂದು ಮೆಟ್ಟಿಲು ಇಳಿದು ಸಣ್ಣಕ ಕೇಳಿದ್ಳು: ‘ಹುಲಿ ಬಂದ್ರ?’

‘ಕರಾರು ಮುಗೀತು ಅಂತ ಹೇಳ್ತೀನಿ, ಆಯಿ. ಸೆಲ್ ಇರೂತನಕ ರಾತ್ರಿನೂ ನಮ್ದೇ!’