ಗೌಡನ ಕೊಟ್ಟಿಗೆ ಸುತ್ತಿ ಹೋದ ಸರ್ಕಾರಿ ರಸ್ತೆ

ಸರ್ಕಾರ ಊರು ಕಟ್ಟೋಕೆ ಹೊರಟಾಗೆಲ್ಲ ಯಾರದೋ ಮನೆ ಗುಟ್ಟು ಬೀದಿಗೆ ಬರುತ್ತೆ. ಹೊಳೆನರಸೀಪುರದ ಅಂಚಿಗೆ ಹೊಸ ಬಡಾವಣೆ ಬಂದಾಗ ನಾನು ಜಗಲಿ ಮೇಲೆ ಕೂತು ಕಂಡಿದ್ದು ಇದು.

೧. ಕಲ್ಲು ನೆಟ್ಟದ್ದು

ಹಾಸನದಿಂದ ಓವರ್ಸಿಯರ್ ಒಬ್ಬ ಬಂದ. ಮದುವೆ ಆಗದ ಹುಡುಗ. ರಸ್ತೆಗೆ ಗುರುತಿನ ಕಲ್ಲು ನೆಡ್ತಾ ಬಂದು, ನಮ್ಮ ಪಕ್ಕದ್ಮನೆ ಗೌಡನ ಕೊಟ್ಟಿಗೆ ನಡುವೆ ಒಂದು ನೆಟ್ಟ. ಗೌಡ ಎಮ್ಮೆ ಹಗ್ಗ ಹಿಡ್ಕೊಂಡೇ ಕೂಗಾಡಿದ: "ಯಾರನ್ ಕೇಳಿ ನೆಟ್ಟೆಲಾ?"

"ನಾನಲ್ಲ ಗೌಡ್ರೇ, ಸರ್ಕಾರ. ಇನ್ನು ಇಪ್ಪತ್ತು ವರ್ಷಕ್ಕೆ ಊರು ಹೇಗಿರಬೇಕು ಅಂತ ಯೋಚನೆ ಮಾಡಿದೆ."

"ಇಪ್ಪತ್ತು ವರ್ಷಕ್ಕೆ ಈ ಎಮ್ಮೆ ಇರಾಕಿಲ್ಲ. ಆಗ ಬಾ."

೨. ಟೇಪು ಹಿಡಿದದ್ದು

ಕೂಗಾಟಕ್ಕೆ ಕಲ್ಲು ಅಲ್ಲಾಡಲಿಲ್ಲ. ಗೌಡ ಉಪಚಾರಕ್ಕೆ ಇಳಿದ. ಓವರ್ಸಿಯರಿಗೆ ದಿನಾ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಬಡಿಸೋಕೆ ಮಗಳು. ಒಂದು ದಿನ ಟೇಪು ಹಿಡಿಯೋ ಆಳು ಬರಲಿಲ್ಲ, ಮಗಳೇ ಒಂದು ತುದಿ ಹಿಡಿದಳು. ಆಮೇಲೆ ಆಳು ಬಂದ್ರೂ ಅವಳೇ ಹಿಡಿದಳು. ಅಳೆಯೋದು ದಿನಾ ಅದೇ ಜಾಗ. ಇಬ್ಬರ ನಡುವಿನ ಟೇಪು ಮಾತ್ರ ಗಿಡ್ಡ ಆಗ್ತಾ ಬಂತು.

೩. ರಸ್ತೆ ಬಾಗಿದ್ದು

ಮದುವೆ ಆಯ್ತು. ಜಾತಿ ಒಂದೇ ಆಗಿದ್ದು ಗೌಡನ ಪುಣ್ಯ. ಕೊಟ್ಟಿಗೆಯಿಂದ ಕಲ್ಲು ಎದ್ದು, ಅವನ ಮನೆ ಹಿಂದಿದ್ದ ಇನ್ನೊಂದು ಮನೆ ದಾಟಿ ಆಚೆಗೆ ಹೋಯ್ತು. ಆ ಮನೆ, ಆಸ್ತಿ ಪಾಲಾದ ಮೇಲೆ ಮಾತು ಬಿಟ್ಟಿದ್ದ ಗೌಡನ ತಮ್ಮಂದು. ರಸ್ತೆ ತಮ್ಮನ ಬಾಗಿಲ ಮುಂದಿನ ತಿಪ್ಪೆ ನುಂಗಿತು. ಗೌಡ ಬೀದಿಗೆಲ್ಲ ಒಬ್ಬಟ್ಟು ಹಂಚಿದ.

"ಮಗಳ ಮದುವೆಗಾ ಗೌಡ?" ಅಂದೆ.

"ಅದುಕ್ಕಲ್ಲ ಕಣಮ್ಮಿ, ಅವನ್ ತಿಪ್ಪೆ ಓಯ್ತಲ್ಲ, ಅದುಕ್ಕೆ."

೪. ಪೇಟೆ ಬಂದದ್ದು

ರಸ್ತೆ ಬಾಗಿದ ತಿರುವಿನಲ್ಲಿ ಬಸ್ಸು ಹೇಗೂ ನಿಧಾನ ಆಗ್ಬೇಕು. ಜನ ಅಲ್ಲೇ ಹತ್ತಿದರು, ಅಲ್ಲೇ ಇಳಿದರು. ಗೌಡನ ತಮ್ಮ, ತಿಪ್ಪೆ ಇದ್ದ ಜಾಗದ ಪಕ್ಕ ಹೋಟ್ಲು ಇಟ್ಟ. ಆಮೇಲೆ ಸೈಕಲ್ ಶಾಪು, ಹಿಟ್ಟಿನ ಗಿರಣಿ, ಅರಕಲಗೂಡಿಂದ ಬಂದವರ ಬಟ್ಟೆ ಅಂಗಡಿ. ಆ ತಮ್ಮ ಮನೆ ಮೇಲೆ ಮಹಡಿ ಎತ್ತಿದ. ಹೋಟ್ಲಿನ ಎಂಜಲು ನೀರು ಹರಿದಿದ್ದು ಗೌಡನ ಕೊಟ್ಟಿಗೆಗೆ.

ಗೌರಿ ಹಬ್ಬಕ್ಕೆ ಮಗಳು ಅಳಿಯ ಬಂದರು. ಗೌಡ ಎಲೆ ಮುಂದೆ ಕೂತೋನು ಅನ್ನ ಮುಟ್ಟಲಿಲ್ಲ. "ಅಳಿಯಂದ್ರೇ, ರಸ್ತೇನ ಮೊದ್ಲು ಕಲ್ಲು ನೆಟ್ಟಿದ್ದಂಗೇ ನೆಟ್ಟಗೆ ಮಾಡ್ಸಿ. ಕೊಟ್ಟಿಗೆ ನಾನೇ ಕೆಡವ್ತೀನಿ."

"ಆಗಲ್ಲ ಮಾವ. ಟಾರು ಬಿತ್ತು, ಊರೇ ಅದರ ಜೊತೆ ಬೆಳೆದಾಯ್ತು."

"ಅಂಗಾದ್ರೆ ನನ್ ಮಗಳ ಇಲ್ಲೇ ಬುಟ್ಟೋಗು!"

ಒಳಗಿಂದ ಮಗಳು ಅಂದಳು: "ಇರ್ತೀನಪ್ಪ. ಆದ್ರೆ ಚಿಕ್ಕಪ್ಪನ ಮಹಡಿ ಮೇಲೆ ಇರ್ತೀನಿ. ಅಲ್ಲಿಂದ ಪ್ಯಾಟೆ ಚಂದಾಗಿ ಕಾಣ್ತದೆ."