ಎಂಜಿನ್‌ಗೆ ಹೇಳಿದ ಸುಳ್ಳು

ನಮ್ಮ ಲಾರಿ ಯಜಮಾನನಿಗೆ ಜೀವನದಲ್ಲಿ ಇದ್ದ ದುಃಖ ಒಂದೇ: ಭಾವಮೈದುನನೂ ಲಾರಿ ಕೊಂಡಿದ್ದ. ಕೊಂಡರೆ ಕೊಳ್ಳಲಿ. ಆದರೆ ಊರಾಚೆಯ ಏರಿನಲ್ಲಿ ಭಾವನ ಲಾರಿಯನ್ನು ಹಿಂದೆ ಹಾಕಿ (ಅದೂ ಹಾರ್ನ್ ಹೊಡೆದು, ಕೈ ಬೀಸಿ!) ಹೋಗಿಬಿಡುತ್ತಿದ್ದ. ಅತ್ತೆಯಂತೂ, "ನಮ್ಮ ಹುಡುಗ ಮೇಲೆ ಹೋಗಿ ಊಟ ಮುಗಿಸಿ ಕೈ ತೊಳೆಯೋ ಹೊತ್ತಿಗೆ ಅಳಿಯಂದಿರ ಲಾರಿ ಕಾಣಿಸುತ್ತೆ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ಈಗ ಅತ್ತೆ ಏರಿನ ಮೇಲಿನ ಹೊಸ ಮನೆಗೆ ಹೋಗುವವರಿದ್ದರು. ಅರ್ಧ ಸಾಮಾನು ಮಗನ ಲಾರಿಯಲ್ಲಿ, ಅರ್ಧ ಅಳಿಯನ ಲಾರಿಯಲ್ಲಿ. ಅತ್ತೆ ಮೊದಲೇ ಹೋಗಿ ಗೇಟಿನಲ್ಲಿ ನಿಂತಿರುತ್ತಾರೆ. ಅವರ ಕಣ್ಣೆದುರು ತನ್ನ ಲಾರಿಯೇ ಮೊದಲು ಬರಬೇಕು. ಇಲ್ಲವಾದರೆ ಅಳಿಯನಾಗಿ ಬಾಳಿ ಏನು ಪ್ರಯೋಜನ?

ಹೊರಡುವ ಹಿಂದಿನ ದಿನ ಅವನು ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರ್‌ನ ವೈರ್ ಕತ್ತರಿಸಿ, ನಡುವೆ ಅಕ್ಕಿಕಾಳಿನಷ್ಟು ಪುಟ್ಟ ರೆಸಿಸ್ಟರ್ ಸೇರಿಸಿ ಟೇಪ್ ಸುತ್ತಿದ. ಮನೆಮುಂದೆಯೇ ಇಸ್ತ್ರಿ ಅಂಗಡಿ ನಡೆಸುವ ಹೆಂಡತಿ ಬಗ್ಗಿ ನೋಡಿದಳು.

"ಅದೇನ್ರೀ ಅದು?"

"ಇನ್ಮೇಲೆ ಎಂಜಿನ್ ಎಷ್ಟೇ ಕಾದ್ರೂ ಲಾರಿ ಕಂಪ್ಯೂಟರ್‌ಗೆ ತಣ್ಣಗಿದೆ ಅಂತ್ಲೇ ಸುದ್ದಿ ಹೋಗುತ್ತೆ. ಪಾಪ, ಚಳೀಲಿ ನಡುಗ್ತಿದೆ ಅಂದ್ಕೊಂಡು ಜಾಸ್ತಿ ಡೀಸೆಲ್ ಕೊಡುತ್ತೆ. ಜಾಸ್ತಿ ಡೀಸೆಲ್, ಜಾಸ್ತಿ ದಮ್ಮು!"

"ಅಂದ್ರೆ ಅದಕ್ಕೆ ಸುಳ್ಳು ಹೇಳ್ತಿದ್ದೀರಿ."

"ಸುಳ್ಳಲ್ವೇ, ತಂತ್ರಜ್ಞಾನ!"

"ಸೆನ್ಸರ್‌ಗೆ ಕೈ ಹಾಕೋಕೆ ಮೊದ್ಲು ಸ್ವಲ್ಪ ಸೆನ್ಸೂ ಇರ್ಬೇಕು" ಎಂದು ಅವಳು ಇಸ್ತ್ರಿಪೆಟ್ಟಿಗೆಯ ಕಡೆಗೆ ಹೋದಳು. (ಮನೆಯಲ್ಲಿ ಅವನ ಮಾತಿಗೆ ಮೊದಲಿನಿಂದಲೂ ಸೆನ್ಸಾರ್ ಇತ್ತು. ಹಾಗಾಗಿ ಅವನು ಟೇಪನ್ನೇ ಇನ್ನೊಂದು ಸುತ್ತು ಸುತ್ತಿದ.)

ಭಾನುವಾರ ಬೆಳಿಗ್ಗೆ ಲಾರಿ ನಿಜಕ್ಕೂ ಹುಮ್ಮಸ್ಸಿನಿಂದ ಹೊರಟಿತು. ಅತ್ತೆಯ ಬೀರು, ಮಂಚ, ಹೊಲಿಗೆ ಯಂತ್ರ ಎಲ್ಲವನ್ನೂ ಹೊತ್ತು ಏರಿನ ಅರ್ಧಕ್ಕೆ ಬಂದಾಗ ಕನ್ನಡಿಯಲ್ಲಿ ಭಾವಮೈದುನನ ಲಾರಿ ಬೆಂಕಿಪೊಟ್ಟಣದಷ್ಟಾಗಿತ್ತು. ಯಜಮಾನನ ಎದೆ ಉಬ್ಬಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಮೂಗು ಅರಳಿತು.

"ರೀ, ಏನೋ ಕಾದ ವಾಸನೆ."

"ಮೀಟರ್ ನೋಡೇ. ಮುಳ್ಳು ಕೆಳಗಿಂದ ಎದ್ದೇ ಇಲ್ಲ. ಹಿಮದ ಗಡ್ಡೆ ಥರ ಇದೆ ಎಂಜಿನ್ನು!"

"ಹದಿನೈದು ವರ್ಷದಿಂದ ಇಸ್ತ್ರಿ ಹಾಕ್ತಿದ್ದೀನಿ. ಕಾದ ವಾಸನೆ ನನಗೆ ಗೊತ್ತಾಗಲ್ವಾ?"

"ಮೂಗನ್ನ ನಂಬ್ಲಾ, ಮೀಟರ್‌ನ ನಂಬ್ಲಾ?"

"ಮೀಟರ್‌ಗೆ ಸುದ್ದಿ ಕೊಡೋದು ಯಾರು?"

"ಸೆನ್ಸರ್."

"ಸೆನ್ಸರ್‌ಗೆ ಸುಳ್ಳು ಹೇಳೋಕೆ ಕಲಿಸಿದ್ದು ಯಾರು?"

ಅವನು ಬಾಯಿ ತೆರೆದ. ಉತ್ತರವನ್ನು ಎಂಜಿನ್ನೇ ಕೊಟ್ಟಿತು. ಬುಸ್ಸೆಂದು ಎದ್ದ ಹಬೆಯಲ್ಲಿ ಎದುರಿನ ರಸ್ತೆಯೇ ಮಾಯವಾಯಿತು. ಎಂಜಿನ್ ತಣ್ಣಗಿದೆಯೆಂದು ನಂಬಿದ ಕಂಪ್ಯೂಟರ್ ಅದನ್ನು ತಣಿಸುವ ಫ್ಯಾನನ್ನೂ ಹಾಕಿರಲಿಲ್ಲ. ಇಬ್ಬರೂ ಕೆಳಗಿಳಿದು ರಸ್ತೆಯ ಬದಿಯಲ್ಲಿ ನಿಂತರು. ಮುಳ್ಳು ಮಾತ್ರ ಕೊಟ್ಟ ಮಾತಿಗೆ ತಪ್ಪದೆ ಕೆಳಗೇ ಮಲಗಿತ್ತು. ಅವನಿಗೆ ನಿಜವಾಗಿಯೂ ಅಳು ಬಂತು.

ಭಾವಮೈದುನ ಬಂದ. ಈ ಸಲ ಹಾರ್ನೂ ಹೊಡೆಯಲಿಲ್ಲ, ಕೈಯನ್ನೂ ಬೀಸಲಿಲ್ಲ. (ಅದೇ ಹೆಚ್ಚು ಉರಿಯಿತು.) ತನ್ನ ಲಾರಿಯನ್ನು ಮುಂದೆ ನಿಲ್ಲಿಸಿ, ದಪ್ಪ ಹಗ್ಗ ಬಿಗಿದು ಹೇಳಿದ: "ಭಾವ, ನೀವು ಸ್ಟೀರಿಂಗ್ ಹಿಡ್ಕೊಂಡಿದ್ರೆ ಸಾಕು. ಅಕ್ಕ, ನೀನು ನನ್ನ ಜೊತೆ ಬಾ."

ಅಕ್ಕ ಆಗಲೇ ಹತ್ತಿ ಕೂತಿದ್ದಳು.

ಗೇಟಿನಲ್ಲಿ ನಿಂತಿದ್ದ ಅತ್ತೆಯ ಕಣ್ಣಿಗೆ ಎರಡು ಲಾರಿಗಳು ಕಂಡವು, ನಡುವಿನ ಹಗ್ಗ ಕಾಣಲಿಲ್ಲ. ಕನ್ನಡಕ ಇನ್ನೂ ಬೀರುವಿನಲ್ಲೇ ಇತ್ತು.

"ಅಬ್ಬಬ್ಬಾ, ಅಳಿಯಂದ್ರೇ!" ಎಂದು ಅವರು ಚಪ್ಪಾಳೆ ತಟ್ಟಿದರು. "ನಮ್ಮ ಹುಡುಗನ ಬೆನ್ನಿಗೆ ಅಂಟಿಕೊಂಡ ಹಾಗೇ ಬಂದ್ರಲ್ಲ! ಏರಿನುದ್ದಕ್ಕೂ ಒಂದು ಮಾರೂ ಹಿಂದೆ ಬೀಳ್ಲಿಲ್ಲ!"

ಎಷ್ಟೋ ವರ್ಷಗಳಿಂದ ಕಾದಿದ್ದ ಹೊಗಳಿಕೆ. ಯಜಮಾನ ಹೆಂಡತಿಯ ಮುಖ ನೋಡಿದ. ಅವಳು ಆಕಾಶ ನೋಡುತ್ತಿದ್ದಳು. ಅವನು ಕಾಲರ್ ಸರಿಮಾಡಿಕೊಂಡು, "ಎಂಜಿನ್‌ಗೆ ಸ್ವಲ್ಪ ಕೆಲ್ಸ ಮಾಡಿದ್ದೆ ಅತ್ತೆ" ಎಂದು ವಿನಯದಿಂದ ಹೇಳಿದ.

ಲಾರಿಗಳ ನಡುವೆ ಬಗ್ಗಿದ್ದ ಭಾವಮೈದುನ ಅಲ್ಲಿಂದಲೇ ಕೂಗಿ ಕೇಳಿದ: "ಭಾವಾ, ಹಗ್ಗ ಈಗ್ಲೇ ಬಿಚ್ಲಾ, ಇಲ್ಲಾ ವಾಪಸ್ ಮನೇವರೆಗೂ ಇರ್ಲಾ?"