ಅತ್ತೆಯ ಬಾಗಿಲಲ್ಲಿ ನಾಲ್ಕು ಸೀನು

ಒಂದು ಚಿಟಿಕೆ ಮರದ ಪುಡಿ ಮೂಗಿಗೆ ಹೋದರೆ ಏನೇನಾಗಬಹುದು ಅಂತ ನಮ್ಮ ಬಡಗಿಯನ್ನು ಕೇಳಬೇಕು.

ಪಾಪ, ಪರ ಊರಿನ ಕೆಲಸ ಮುಗಿಸಿ ಹಿಂದಿನ ದಿನವಷ್ಟೇ ಮರಳಿದ್ದ. ಅಷ್ಟರಲ್ಲಿ ಹೆಂಡತಿಗೆ ಹೆರಿಗೆಯಾಗಿತ್ತು; ಅವಳು ತನ್ನ ಅಮ್ಮನ ಮನೆಯಲ್ಲಿದ್ದಳು. ಮಗಳಿಗೆ ಒಂಬತ್ತು ದಿನ. ಅಪ್ಪನಾದವನು ಇನ್ನೂ ಎತ್ತಿಕೊಂಡಿಲ್ಲ. ಬೆಳಗ್ಗೆಯೇ ತೊಟ್ಟಿಲಿಗೆ ಕೊನೆಯ ಸಲ ಪಾಲಿಶ್ ಪೇಪರ್ ಉಜ್ಜಿ, ಅದನ್ನು ಹೊತ್ತು ಮೂರು ಮಹಡಿ ಹತ್ತಿ ಗಂಟೆ ಒತ್ತಿದ. ಅತ್ತೆ ನಗುನಗುತ್ತಾ ಬಾಗಿಲು ತೆರೆದರು. ಆಗಲೇ ಬಂತು ನೋಡಿ ಹಾಳು ಸೀನು! ಒಂದಲ್ಲ, ನಾಲ್ಕು.

ಊರಿಗೆ ಊರೇ ಫ್ಲೂ ಹಿಡಿದು ಮಲಗಿದ್ದ ಕಾಲ. ಅತ್ತೆಯೋ ಮೂವತ್ತು ವರ್ಷ ನರ್ಸ್ ಆಗಿದ್ದವರು.

“ಅಳಿಯಂದ್ರೇ, ಅಲ್ಲೇ ನಿಲ್ಲಿ! ಜ್ವರ ಇದೆಯಾ?”

“ಇಲ್ಲ ಅತ್ತೆ, ಇದು ಮರದ ಪುಡಿ...”

“ಮೈಕೈ ನೋವು?”

“ತೊಟ್ಟಿಲು ಹೊತ್ಕೊಂಡು ಮೂರು ಮಹಡಿ ಹತ್ತಿದ್ದೀನಿ, ನೋಯಲ್ವಾ?”

ಎದುರು ಮನೆಯ ಬಾಗಿಲಿನಿಂದ ನಿವೃತ್ತ ಪೋಸ್ಟ್‌ಮಾಸ್ಟರ್ ತಲೆ ಹೊರಗೆ ಬಂತು. “ಮೈಕೈ ನೋವಂತೆ ತಾಯೀ! ಮುಖ ನೋಡಿ, ಟೊಮೇಟೊ ಆಗಿದೆ!”

“ನೀವು ಸ್ವಲ್ಪ ಸುಮ್ನಿರ್ತೀರಾ ಸ್ವಾಮಿ?” ಎಂದು ರೇಗಲು ಹೋಗಿ ಬಡಗಿಗೆ ಕೆಮ್ಮು ಬಂತು.

“ಒಣ ಕೆಮ್ಮು!” ಪೋಸ್ಟ್‌ಮಾಸ್ಟರ್ ಇನ್ನೊಂದು ಬೆರಳು ಮಡಚಿದರು.

ಅತ್ತೆ ತೊಟ್ಟಿಲನ್ನು ಸೋಪಿನ ನೀರಲ್ಲಿ ಒರೆಸಿ ಒಳಗೆ ತೆಗೆದುಕೊಂಡರು. ಮಾಡಿದವನನ್ನು ಮಾತ್ರ ಹೊರಗೇ ಬಿಟ್ಟರು. “ಬೇಜಾರು ಮಾಡ್ಕೋಬೇಡಿ. ನಮಗೆ ಬಂದ್ರೆ ನಾಲ್ಕು ದಿನ ಮಲಗಿ ಏಳ್ತೀವಿ, ಹಸುಗೂಸು ಏನ್ ಮಾಡುತ್ತೆ? ಮನೇಲಿ ಒಬ್ರೇ ಇರಿ, ಚೆನ್ನಾಗಿ ನೀರು ಕುಡೀರಿ. ಸಂಜೆವರೆಗೂ ಜ್ವರ ಬರ್ಲಿಲ್ಲ ಅಂದ್ರೆ ಬನ್ನಿ.”

ಸಂಜೆಯವರೆಗೆ! ಬಡಗಿಗೆ ಅಳುವುದೊಂದು ಬಾಕಿ. ಮೆಟ್ಟಿಲಿಳಿಯುವಾಗ ಪೋಸ್ಟ್‌ಮಾಸ್ಟರ್ ಪಿಸುಗುಟ್ಟಿದರು: “ಸಂಜೆವರೆಗೆ ಯಾಕ್ರೀ ಕಾಯ್ತೀರಿ? ಡಾಕ್ಟರ ಚೀಟಿ ತಂದು ಮುಖಕ್ಕೆ ಹಿಡೀರಿ. ಆಮೇಲೆ ಯಾರು ಏನಂತಾರೆ?”

ಬಡಗಿ ಕ್ಲಿನಿಕ್ಕಿಗೆ ಓಡಿದ. ಮೂರು ಗಂಟೆ ಕಾದ ಮೇಲೆ ಡಾಕ್ಟರು ಗಂಟಲು, ಎದೆ ನೋಡಿ ಹುಬ್ಬೇರಿಸಿದರು. “ನಿಮಗೇನೂ ಆಗಿಲ್ವಲ್ಲ! ಬರೀ ಧೂಳಿನ ಸೀನು.” ಹಾಗಂತ ಬರೆದು ಸಹಿ, ಮೊಹರು ಎರಡನ್ನೂ ಹಾಕಿಕೊಟ್ಟರು.

ಮೂರು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದ. ಅತ್ತೆ ಚೀಟಿಯನ್ನು ದೂರದಿಂದಲೇ ಓದಿದರು. ಮುಖ ಅರಳಿತು. ಒಳಗೆ ಮಗು ಕುಂಯ್ ಅಂದಿತು. ಬಡಗಿಯ ಕೈ ಆಗಲೇ ಮುಂದಕ್ಕೆ ಚಾಚಿತ್ತು.

“ಪಾಪ, ತುಂಬಾ ಹೊತ್ತು ಕಾದ್ರಾ?” ಅತ್ತೆ ಕೇಳಿದರು.

ಕನಿಕರ ಸಿಕ್ಕಿದ್ದೇ ತಡ, ಬಡಗಿ ಶುರುಮಾಡಿದ. “ಅಯ್ಯೋ, ಏನು ಕೇಳ್ತೀರಿ ಅತ್ತೆ! ಮೂರು ಗಂಟೆ! ಕಾಲಿಡೋಕೆ ಜಾಗ ಇಲ್ಲ. ಎಲ್ರಿಗೂ ಫ್ಲೂ, ಖೊಕ್ ಖೊಕ್ ಅಂತ ಒಂದೇ ಸಮನೆ. ಪಕ್ಕದವನಂತೂ ನನ್ನ ಹೆಗಲ ಮೇಲೇ ತಲೆಯಿಟ್ಟು ಮಲ್ಕೊಂಡ. ಎಬ್ಬಿಸಿದ್ರೆ ಮುಖಕ್ಕೇ ಸೀನಿದ!”

ಅತ್ತೆಯ ಮುಖದಲ್ಲಿ ನಗು ಇರಲಿಲ್ಲ.

“ನಾಲ್ಕು ದಿನ ಬಿಟ್ಟು ಬನ್ನಿ ಅಳಿಯಂದ್ರೇ,” ಎಂದು ಬಾಗಿಲು ಹಾಕಿಕೊಂಡರು.

ಬಡಗಿ ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟ. ಹೊಸ ತೊಟ್ಟಿಲು ತೂಗುವ ಸದ್ದು ಕೇಳಿಸಿತು. ಇನ್ನು ಅಳು ತಡೆಯಲಾಗಲಿಲ್ಲ.

ಎದುರು ಬಾಗಿಲು ಕಿರ್ರೆಂದಿತು.

“ತಾಯೀ! ಈಗ ಕಣ್ಣಲ್ಲೂ ಮೂಗಲ್ಲೂ ನೀರು ಸುರೀತಿದೆ!”

“ಹಾಗಿದ್ರೆ ಒಂದು ವಾರ!” ಎಂದಿತು ಒಳಗಿನಿಂದ ಅತ್ತೆಯ ದನಿ.